ಎರಡು ಸೈಕಲ್, ಮೂರು ಜೊತೆ ಗಾಲಿ: ಎರಡೂವರೆ ವರ್ಷದ ಬಳಕೆಯ ನಂತರ

ನಮ್ಮ ಮನೆಯಲ್ಲಿ ಎರಡು ಮೌಂಟನ್ ಬೈಕ್‌ಗಳಿವೆ. ನನ್ನದು ಮೋಟಾರಿನದು, 24 ಕೆ.ಜಿ. ಮಗಳದು ಬರೀ ತುಳಿಯುವ ಸೈಕಲ್, 14 ಕೆ.ಜಿ. ಆಲ್ದೂರಿನ ಆಚೆ, ಕಾಫಿ ತೋಟದ ನಡುವೆ ನಮ್ಮ ವಾಸ. ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೂ ತೋಟದ ದಾರಿಯೆಲ್ಲ ಕೆಂಪು ಕೆಸರು. ಬೇಸಿಗೆಯ ಟಯರ್ ಅಲ್ಲಿ ನಿಲ್ಲುವುದೇ ಇಲ್ಲ. ಹಾಗೆಂದು ಪ್ರತಿ ಸಲ ಟ್ಯೂಬ್‌ಲೆಸ್ ಟಯರ್ ಬಿಚ್ಚಿ, ತೂತು ಮುಚ್ಚಲು ಒಳಗೆ ಹಾಕುವ ಸೀಲೆಂಟ್ ದ್ರವ ಒರೆಸಿ, ಮತ್ತೆ ಕೂರಿಸುವ ತಾಳ್ಮೆ ಯಾರಿಗಿದೆ? ಅದಕ್ಕೇ ದೊಡ್ಡ ಉಬ್ಬುಗಳಿರುವ ಟಯರ್ ಹಾಕಿದ ಒಂದು ಹೆಚ್ಚುವರಿ ಜೊತೆ ಗಾಲಿ ತರಿಸಿದೆ. ಆ ದಿನ ಕೆಸರಿಗೆ ಯಾರು ಇಳಿಯುತ್ತಾರೋ ಅವರ ಸೈಕಲ್‌ಗೆ ಆ ಗಾಲಿ.

ಇದು ಸಾಧ್ಯವಾದದ್ದು ನನ್ನ ಸೈಕಲ್‌ನ ಮೋಟಾರು ಪೆಡಲ್ ಬಳಿ ಇರುವುದರಿಂದ. ಮೋಟಾರು ಹಿಂದಿನ ಗಾಲಿಯ ನಡುಭಾಗವಾದ ಹಬ್‌ನಲ್ಲೇ ಇರುವ ಸೈಕಲ್ ನಿಮ್ಮದಾಗಿದ್ದರೆ ಹಿಂದಿನ ಗಾಲಿ ಹಂಚಿಕೊಳ್ಳುವ ಮಾತೇ ಇಲ್ಲ. ನಮ್ಮ ಎರಡಕ್ಕೂ 29 ಇಂಚಿನ ಗಾಲಿ. ಹಿಂದೆ 148 ಮಿ.ಮೀ. ಅಗಲ, 12 ಮಿ.ಮೀ. ಆಕ್ಸಲ್; ಮುಂದೆ 110 ಮತ್ತು 15. ಬೂಸ್ಟ್ ಎನ್ನುವ ಅಳತೆ ಇದೇ. ಹಳೆಯ 142ರ ಸೈಕಲ್ ಇದ್ದವರು ಗಾಲಿ ಕೊಳ್ಳುವ ಮುನ್ನ ಟೇಪ್ ಹಿಡಿದು ನೋಡುವುದು ಒಳ್ಳೆಯದು.

"ಅಳತೆ ಸರಿ ಇದ್ದರೆ ಮುಗಿಯಿತು, ಹಾಕಿಕೊಂಡು ಹೋಗಿ ಸಾರ್" ಎಂದಿದ್ದರು ಅಂಗಡಿಯವರು. ಮುಗಿದಿರಲಿಲ್ಲ. ಮೊದಲ ದಿನ ಹೊಸ ಗಾಲಿ ಹಾಕಿ ಗೇಟು ದಾಟುವಷ್ಟರಲ್ಲಿ ಪರದೆಯ ಮೇಲೆ ಎಚ್ಚರಿಕೆಯ ಗುರುತು ಬಂತು. ಚಲಿಸುತ್ತಿದ್ದರೂ ವೇಗ ಸೊನ್ನೆ, ಮೋಟಾರಿನ ಬಲವೂ ಕುಗ್ಗಿತ್ತು. ಕಾರಣ, ಗಾಲಿ ತಿರುಗುವುದನ್ನು ಸಂವೇದಕಕ್ಕೆ ತಿಳಿಸುವ ಪುಟ್ಟ ಆಯಸ್ಕಾಂತ ಹಳೆಯ ಗಾಲಿಯ ಕಡ್ಡಿಯಲ್ಲೇ ಉಳಿದಿತ್ತು. ಈಗ ಹೊಸ ಗಾಲಿಯಲ್ಲೂ ಒಂದು ಆಯಸ್ಕಾಂತ ಕಾಯಂ ಆಗಿ ಕೂತಿದೆ. ಮಗಳ ಸೈಕಲ್‌ನಲ್ಲಿ ಅದು ಸುಮ್ಮನೆ ಸುತ್ತುತ್ತದೆ, ತೊಂದರೆಯೇನೂ ಇಲ್ಲ.

ನಾನು ಮಾಡಿದ ದೊಡ್ಡ ತಪ್ಪು ಕ್ಯಾಸೆಟ್‌ನದು, ಅಂದರೆ ಹಿಂದಿನ ಗಾಲಿಯ ಹಲ್ಲುಚಕ್ರಗಳ ಗುಚ್ಛದ್ದು. ಗಾಲಿಯ ಜೊತೆಗೇ ಕ್ಯಾಸೆಟ್ಟೂ ಆಚೀಚೆ ಹೋಗಲಿ ಎಂದು ಬಿಟ್ಟಿದ್ದೆ. ನನ್ನ ಮೋಟಾರು 85 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ. ಅದು ಕಾಲಿನ ಬಲದ ಮೇಲೆ ಸೇರಿ ಅಷ್ಟೂ ಚೈನಿನ ಮೇಲೆ ಬೀಳುತ್ತದೆ. ಕೆಸರೂ ಸೇರಿದರೆ ಸಾಣೆ ಹಿಡಿದಂತೆಯೇ. ಒಂದೇ ಮಳೆಗಾಲದಲ್ಲಿ ಕ್ಯಾಸೆಟ್ಟಿನ ಹಲ್ಲುಗಳು ಚೂಪಾಗಿದ್ದವು. ನನ್ನ ಚೈನೂ ಜೊತೆಯಲ್ಲೇ ಸವೆದಿದ್ದರಿಂದ ನನಗೆ ಗೊತ್ತಾಗಲಿಲ್ಲ. ಆ ಗಾಲಿಯನ್ನು ಮಗಳು ಹಾಕಿಕೊಂಡಳು. ಅವಳ ಚೈನ್ ಹೆಚ್ಚುಕಡಿಮೆ ಹೊಸದು, ಸವೆದ ಹಲ್ಲುಗಳಿಗೆ ಅದು ಹೊಂದಲಿಲ್ಲ. ಕೈಮರ ದಾಟಿ ಮುಳ್ಳಯ್ಯನಗಿರಿಯ ಏರಿನಲ್ಲಿ ಅವಳು ಎದ್ದು ನಿಂತು ತುಳಿದಾಗ ಚೈನ್ ಹಲ್ಲು ಹಾರಿತು. ಪೆಡಲ್ ಒಮ್ಮೆಲೇ ಕುಸಿದು ಅವಳ ಮಂಡಿ ಹ್ಯಾಂಡಲ್‌ಗೆ ಬಡಿಯಿತು. ರಸ್ತೆಯ ಅಂಚಿನ ಕಲ್ಲಿನ ಮೇಲೆ ಕೂರಿಸಿ ನೀರು ಹಾಕುತ್ತಿದ್ದಾಗ, "ಅಪ್ಪಾ, ಸೈಕಲ್ ಸರಿ ಇದೆಯಾ ನೋಡು" ಎಂದಳು. ಆ ಮಾತು ಇಂದಿಗೂ ಚುಚ್ಚುತ್ತದೆ.

ಅಂದಿನಿಂದ ನಮ್ಮ ಮನೆಯಲ್ಲಿ ಕ್ಯಾಸೆಟ್ ಸೈಕಲ್‌ಗೆ ಸೇರಿದ್ದು, ಗಾಲಿಗೆ ಸೇರಿದ್ದಲ್ಲ. ಮೂರೂ ಗಾಲಿಗಳ ಫ್ರೀಹಬ್, ಅಂದರೆ ಕ್ಯಾಸೆಟ್ ಕೂರುವ ಭಾಗ, ಹಳೆಯ ಎಚ್‌ಜಿ ಮಾದರಿಯದು, ಎರಡೂ ಸೈಕಲ್‌ಗಳಿಗೆ 11 ಗೇರಿನ ಕ್ಯಾಸೆಟ್. 10 ಹಲ್ಲಿನ ಚಿಕ್ಕ ಚಕ್ರ ಇರುವ 12 ಗೇರಿನ ಕ್ಯಾಸೆಟ್ಟುಗಳು ಇದರ ಮೇಲೆ ಕೂರುವುದಿಲ್ಲ. ಅವಕ್ಕೆ ಮೈಕ್ರೋ ಸ್ಪ್ಲೈನ್ ಅಥವಾ ಎಕ್ಸ್‌ಡಿ ಮಾದರಿಯ ಫ್ರೀಹಬ್ ಬೇಕು. ಗಾಲಿ ಬದಲಿಸುವಾಗ ಕ್ಯಾಸೆಟ್ ಬಿಚ್ಚಿ ಹಾಕಲು ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ. ಹಿಡಿಯಲಿ. ಚೈನ್ ಎಷ್ಟು ಸವೆದಿದೆ ಎಂದು ಅಳೆಯುವ ಗೇಜು ಈಗ ಗೋಡೆಯ ಮೊಳೆಯಲ್ಲೇ ತೂಗುತ್ತದೆ. ಚೈನ್ ಶೇ. 0.5 ಹಿಗ್ಗಿದೆ ಎಂದು ಅದು ತೋರಿಸಿದ ದಿನವೇ ಹೊಸ ಚೈನ್.

ಬ್ರೇಕಿನ ವಿಷಯಕ್ಕೆ ಬಂದರೆ, ಡಿಸ್ಕ್ ಒಂದೇ ಅಳತೆಯದಾಗಿರಬೇಕು. ನನ್ನದು 203 ಮಿ.ಮೀ., ಅವಳದು 180 ಇತ್ತು. ಅವಳ ಫ್ರೇಮ್ ಮತ್ತು ಫೋರ್ಕ್ ಎರಡೂ 203ಕ್ಕೆ ಅವಕಾಶ ಕೊಡುತ್ತವೆಯೆಂದು ತಯಾರಕರ ಕೈಪಿಡಿಯಲ್ಲಿ ನೋಡಿಕೊಂಡೇ ಅಡಾಪ್ಟರ್ ಹಾಕಿಸಿದೆ. ಹಬ್‌ನಿಂದ ಹಬ್‌ಗೆ ಡಿಸ್ಕ್ ಕೂರುವ ಜಾಗದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ಡಿಸ್ಕಿನ ಕೆಳಗೆ ಶಿಮ್ ಎನ್ನುವ ತೆಳುವಾದ ಬಿಲ್ಲೆ ಇಟ್ಟು ಸರಿಪಡಿಸಿದ ಮೇಲೆ ಉಜ್ಜುವ ಸದ್ದು ನಿಂತಿತು. ಇನ್ನೊಂದು: ಒಬ್ಬರು ರೆಸಿನ್ ಪ್ಯಾಡ್, ಇನ್ನೊಬ್ಬರು ಮೆಟಲ್ ಪ್ಯಾಡ್ ಬಳಸುತ್ತಿದ್ದರೆ ಒಂದೇ ಡಿಸ್ಕ್ ಹಂಚಿಕೊಳ್ಳಬೇಡಿ. ನಮ್ಮ ಬ್ರೇಕುಗಳು ಕಿರುಚುತ್ತಿದ್ದುದು ಪ್ಯಾಡ್‌ಗಳನ್ನು ಒಂದೇ ಜಾತಿಯವಾಗಿ ಮಾಡಿದ ಮೇಲೆಯೇ ನಿಂತದ್ದು.

ಪೆಡಲ್, ಸೀಟು, ಗ್ರಿಪ್‌ಗಳನ್ನು ಯೋಚನೆಯಿಲ್ಲದೆ ಹಂಚಿಕೊಳ್ಳಬಹುದು. ಪೆಡಲ್ ಕೂರುವ ಕ್ರ್ಯಾಂಕ್ ತೋಳು ಮತ್ತು ಮುಂದಿನ ಹಲ್ಲುಚಕ್ರ ಮಾತ್ರ ಮೋಟಾರಿಗೇ ಮೀಸಲು. ಅವಳ 28 ಕಡ್ಡಿಯ ಹಗುರ ಗಾಲಿಯನ್ನು ನನ್ನ ಸೈಕಲ್‌ಗೆ ಒಂದು ದಿನವೂ ಹಾಕಿಲ್ಲ. ಅಷ್ಟು ಭಾರಕ್ಕೆ ಮಾಡಿದ ಗಾಲಿ ಅದಲ್ಲ. ನನ್ನ 32 ಕಡ್ಡಿಯದು ಅವಳಿಗೆ ನಡೆಯುತ್ತದೆ, ಏರಿನಲ್ಲಿ ಮಾತ್ರ ಅವಳಿಗೆ ತೂಕ ತಿಳಿಯುತ್ತದೆ. ಹೊಸ ಗಾಲಿ ಕೊಳ್ಳುವವರು ಭಾರದ ಸೈಕಲ್‌ಗೆ ಒಪ್ಪುವುದನ್ನೇ ಕೊಳ್ಳಿ.

ಮಳೆಗಾಲದ ಗಾಲಿ ಇಷ್ಟರಲ್ಲಿ ಎರಡು ಬಾರಿ ಬೆಂಡ್ ತೆಗೆಸಿಕೊಂಡಿದೆ. ಕಡ್ಡಿ ಒಂದೂ ಮುರಿದಿಲ್ಲ. ಮೊನ್ನೆ ಆಕ್ಸಲ್ ಬಿಚ್ಚಿ ಬೆರಳಿನಿಂದ ತಿರುಗಿಸಿದಾಗ ಹಿಂದಿನ ಬೇರಿಂಗ್‌ನಲ್ಲಿ ಮರಳು ಸಿಕ್ಕಂತೆ ಕರಕರ ಎಂದಿತು. ಜೂನ್‌ಗೆ ಮೊದಲು ಅದನ್ನು ಬದಲಿಸಬೇಕು.