ಎಳ್ಳಮಾವಾಸ್ಯೆಯ ಟೇಬಲ್ ಕೌದಿ: ಒಳಗೆ ಹಳೆ ಸೀರೆಯೋ, ಫೈಬರ್ ಹಾಳೆಯೋ?

ಹಳೆ ಸೀರೆಯೇ ಗೆದ್ದಿತು. ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಈ ಸಲ ಸೂಪರ್ ಮಾರ್ಕೆಟ್ ಕಡೆಯಿಂದ ರೊಕ್ಕ ಕೊಟ್ಟು ತಂದ ಫೈಬರ್ ಹಾಳೆ ಜೊತೆ ಗುದ್ದಾಡಿ ಸಾಕಾಗಿದೆ.

ಎಳ್ಳಮಾವಾಸ್ಯೆಗೆ ಕಲಬುರಗಿ ಸುತ್ತಲಿನವರೆಲ್ಲ ಹೊಲಕ್ಕೆ ಹೋಗಿ, ಚರಗ ಚೆಲ್ಲಿ (ಭೂತಾಯಿಗೆ ಎಡೆ ಹೊಲದ ತುಂಬ ಎರಚಿ), ಅಲ್ಲೇ ಕೂತು ಕಾಳು-ಸೊಪ್ಪು ಹಾಕಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಉಣ್ಣುತ್ತಾರೆ. ನಮಗೆ ಹೊಲ ಇಲ್ಲ. ಆದರೆ ಸಂಜೆ ಹೊತ್ತಿಗೆ ಬೀಗರ ಮನೆಯಿಂದ ಬುತ್ತಿ ಬರುತ್ತದೆ, ನೆಂಟರೂ ಬರುತ್ತಾರೆ, ಟೇಬಲ್ ತುಂಬಿಹೋಗುತ್ತದೆ. ಆ ಟೇಬಲ್ ನಡುವೆ ಹಾಸೋಕೆ 30 ಇಂಚು ಚೌಕದ ಸಣ್ಣ ಕೌದಿ, ಅಂದ್ರೆ ಹಳೆ ಬಟ್ಟೆಯ ತುಂಡುಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಹಾಸು ಬೇಕಿತ್ತು. ಮೇಲಿನ ಬಟ್ಟೆಗೆ ಒಂದು ರೂಪಾಯಿ ಖರ್ಚಿಲ್ಲ: ಕುಪ್ಪಸ ಹೊಲಿದು ಉಳಿದ ಖಣದ ತುಂಡು, ಹರಿದ ಇಳಕಲ್ ಸೀರೆಯ ಕಪ್ಪು ಒಡಲು, ಹಸಿರು ಲಂಗದ ಚೂರು, ಯಜಮಾನರ ಚೌಕಳಿ ಅಂಗಿ. ಆ ಹೊತ್ತಿಗೆ ನಮ್ಮ ಕಡೆಯ ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಜೋಳ, ಕಡಲೆ ಹಸಿರಾಗಿ ನಿಂತಿರುತ್ತವಲ್ಲ, ಆ ಬಣ್ಣ ಬರಬೇಕು ಅಂತ ಆಸೆ. ಪ್ರಶ್ನೆ ಇದ್ದದ್ದು ಒಳಗೆ ಏನು ತುಂಬಬೇಕು ಅನ್ನೋದೊಂದೇ. ಹಾಗಾಗಿ ಬೇರೆ ಬೇರೆ ಮಾಡಿ ನೋಡಿದೆ.

ಗಾದಿ ಅಂಗಡಿಯ ಬಿಡಿ ಹತ್ತಿ ಬೇಡವೇ ಬೇಡ. ಒಂದು ಸಲ ಒಗೆದರೆ ಗಂಟುಗಟ್ಟಿ ಮೂಲೆ ಸೇರುತ್ತದೆ.

ಇನ್ನು ಫೈಬರ್ ಹಾಳೆ. ಪಾಲಿಯೆಸ್ಟರ್‌ದು, ಮೀಟರ್ ಲೆಕ್ಕದಲ್ಲಿ ಸಿಗುತ್ತದೆ, ನಾನು 120 ರೂಪಾಯಿಗೆ ತಂದೆ. ಹಗುರ, ಬೆಳ್ಳಗೆ, ಕೈಗೆ ಮೆತ್ತಗೆ. ಮೂರು ಪದರ ಜೋಡಿಸಿ ಹಾಸಿದಾಗ ಎಷ್ಟು ಚೆಂದ ಉಬ್ಬಿ ಕಾಣಿಸಿತು ಅಂದ್ರೆ, ಮುಂದೆ ಎಲ್ಲ ಹಬ್ಬಕ್ಕೂ ಇದೇ ಇರಲಿ ಅನ್ನಿಸಿತು. ಮಷೀನಿಗೆ ಹಾಕಿದ ಮೇಲೆ ಶುರುವಾಯಿತು ತಾಪತ್ರಯ. ನನ್ನದು ಹಳೆ ಕಾಲು ಮಷೀನು. ಕೆಳಗಿನ ಹಲ್ಲು ಅಡಿ ಬಟ್ಟೆಯನ್ನು ಹಿಂದಕ್ಕೆ ಎಳೆಯುತ್ತದೆ, ಮೇಲಿನ ಪಾದ ಮೇಲ್ಬಟ್ಟೆಯನ್ನು ಒತ್ತಿ ಹಿಡಿಯುತ್ತದೆ. ನಡುವೆ ಇರೋದು ಜಾರುವ, ಉಬ್ಬಿದ ಹಾಳೆ. ಸಾಲು ಮುಗಿಯೋ ಹೊತ್ತಿಗೆ ಮೇಲ್ಬಟ್ಟೆ ಬೆರಳಗಲ ಮುಂದೆ ಬಂದು ನೆರಿಗೆ ಆಗುತ್ತದೆ. ಬಿಚ್ಚಿ ಮತ್ತೆ ಹೊಲಿದರೆ ಪಕ್ಕದ ಸಾಲಿನಲ್ಲಿ ಇನ್ನೊಂದು ನೆರಿಗೆ.

ಇದಕ್ಕೆ ಉಪಾಯ ಇಲ್ಲ ಅಂತಲ್ಲ. ಪಾದದ ಕಂಬಿಯ ಮೇಲಿರುವ ಸ್ಕ್ರೂ ಸ್ವಲ್ಪ ಸಡಿಲಿಸಿ ಒತ್ತಡ ಕಡಿಮೆ ಮಾಡಬೇಕು, ಹೊಲಿಗೆ ಉದ್ದ ಜಾಸ್ತಿ ಮಾಡಬೇಕು, ನಾಲ್ಕು ಬೆರಳಿಗೊಂದು ಪಿನ್ನು ಚುಚ್ಚಬೇಕು, ಮತ್ತು ಅಂಚಿನಿಂದ ಶುರು ಮಾಡದೆ ನಟ್ಟನಡುವಿನಿಂದ ಹೊರಕ್ಕೆ ಹೊಲಿಯುತ್ತಾ ಹೋಗಬೇಕು. ಇಷ್ಟೆಲ್ಲ ಮಾಡಿದಾಗ ನೆರಿಗೆ ನಿಂತಿತು. ಆದರೆ ಆಮೇಲೆ ಬಂದದ್ದಕ್ಕೆ ಮದ್ದೇ ಸಿಗಲಿಲ್ಲ. ಸೂಜಿ ಚುಚ್ಚಿದ ಕಡೆಯೆಲ್ಲ ಒಳಗಿನ ಬಿಳಿ ಎಳೆ ಹೊರಗೆ ಇಣುಕುತ್ತದೆ. ತಿಳಿ ಬಣ್ಣದ ಬಟ್ಟೆಯಾದರೆ ಗೊತ್ತಾಗಲ್ಲ, ನನ್ನದು ಕಪ್ಪು ಇಳಕಲ್. ಹೊಲಿಗೆಯ ಸಾಲಿನುದ್ದಕ್ಕೂ ಬೂಷ್ಟು ಹಿಡಿದ ಹಾಗೆ ಬಿಳಿ ನವಿರು. ಕೈಯಿಂದ ಕೀಳಲು ಹೋದರೆ ಇನ್ನೂ ಉದ್ದ ಬರುತ್ತದೆ, ಕತ್ತರಿಯಲ್ಲಿ ಕತ್ತರಿಸಿದರೆ ಒಗೆದ ಮೇಲೆ ಮತ್ತೆ ಹಾಜರ್. ಕಪ್ಪು ಬಟ್ಟೆ ಹಾಕುವವರು ಈ ಒಂದು ಕಾರಣಕ್ಕೇ ಆ ಹಾಳೆ ಬಿಡಬೇಕು ಅಂತ ನನ್ನ ಅಭಿಪ್ರಾಯ.

ಇಸ್ತ್ರಿ ಜೋರು ಮಾಡುವ ಹಾಗಿಲ್ಲ, ಹಾಳೆ ಚಪ್ಪಟೆಯಾಗಿ ಗಟ್ಟಿಯಾಗುತ್ತದೆ. ಒಲೆಯಿಂದ ಇಳಿಸಿದ ಪಾತ್ರೆ ಸೀದಾ ಮೇಲಿಡುವ ಹಾಗೂ ಇಲ್ಲ. ಭಜ್ಜಿ ಪಾತ್ರೆ ಇಡೋಕಾಗದ ಎಳ್ಳಮಾವಾಸ್ಯೆ ಕೌದಿ ಯಾಕೆ ಬೇಕು, ಹೇಳಿ?

ನಮ್ಮ ಅತ್ತೆ ಇದನ್ನೆಲ್ಲ ನೋಡಿ, "ಮನ್ಯಾಗ ಹಳಿ ಸೀರಿ ಬಿದ್ದಾವ, ಅದಕ್ಯಾಕ ರೊಕ್ಕ ಹಾಕ್ತೀಯವಾ?" ಅಂದರು. ಅವರ ಕಾಟನ್ ಸೀರೆಯೊಂದನ್ನು ಅವರೇ ಟ್ರಂಕಿನಿಂದ ತೆಗೆದುಕೊಟ್ಟರು. ಒಗೆದೊಗೆದು ಮಲ್ಮಲ್ ಥರ ಆಗಿತ್ತು. ಮೂರು ಪದರ ಮಡಚಿ ಒಳಗೆ ಹಾಕಿದೆ. ಜಾರಲಿಲ್ಲ. ಹತ್ತಿ ಹತ್ತಿಯನ್ನು ಹಿಡಿದುಕೊಳ್ಳುತ್ತದೆ. 16ನೇ ನಂಬರಿನ ದಪ್ಪ ಸೂಜಿ ಹಾಕಿ ಮಷೀನಿನಲ್ಲೇ ಹೊಲಿಯಬಹುದು, ಎಳೆ ಹೊರಗೆ ಬರುವ ಮಾತೇ ಇಲ್ಲ. ಬಿಸಿ ಇಸ್ತ್ರಿ ಧಾರಾಳವಾಗಿ ಆಡಿಸಬಹುದು.

ಆದರೂ ಅತ್ತೆ ಹೇಳಿದ್ದಕ್ಕೆ ಕೈಯಲ್ಲೇ ಹೊಲಿದೆ, ಕೌದಿ ಹೊಲಿಯುವ ಹಳೆ ರೀತಿಯಲ್ಲಿ. ಇಲ್ಲಿ ಲೆಕ್ಕ ಪೂರಾ ಉಲ್ಟಾ. ಮೊದಲು ಅಂಚು ಒಳಗೆ ಮಡಚಿ ಸುತ್ತ ಹೊಲಿಗೆ ಹಾಕಬೇಕು, ಆಮೇಲೆ ಮೇಲಿನ ತುಂಡುಗಳನ್ನು ಒಂದೊಂದೇ ಇಟ್ಟುಕೊಳ್ಳುತ್ತಾ, ಸುತ್ತು ಹಾಕಿ ಹಾಕಿ ನಡುವಿಗೆ ಬರಬೇಕು. ತುಂಡುಗಳನ್ನು ಮೊದಲೇ ಜೋಡಿಸಿಕೊಂಡಿರುವುದಿಲ್ಲವಾದ್ದರಿಂದ ನಡುವೆ ಉಬ್ಬು ಏಳುವುದಿಲ್ಲ, ಹೆಚ್ಚಾದ ಬಟ್ಟೆ ಮುಂದಿನ ತುಂಡಿನ ಅಡಿ ಹೋಗಿಬಿಡುತ್ತದೆ. ಕೊನೆಗೆ ಅಂಚಿಗೆ ಬೇರೆ ಪಟ್ಟಿ ಕೊಡುವ ಕೆಲಸವೂ ತಪ್ಪಿತು. ಡಬ್ಬಲ್ ದಾರ, ಉದ್ದ ಸೂಜಿ, ಸಂಜೆ ಹೊತ್ತು ಸುಮ್ನೆ ಕೂತು ಹೊಲಿಯುವ ಕೆಲಸ. ನನಗಂತೂ ಮಷೀನ್ ಸದ್ದಿಗಿಂತ ಅದೇ ಹಿತ. ಮಷೀನಿನಷ್ಟು ಬೇಗ ಆಗಲ್ಲ, ಅದು ನಿಜ. ಉಬ್ಬಿದ ಮೆತ್ತನೆ ನೋಟವೂ ಬರಲ್ಲ, ಚಪ್ಪಟೆಯಾಗಿಯೇ ಇರುತ್ತದೆ. ನೀರು ಕುಡಿದರೆ ಹಾಳೆಗಿಂತ ಭಾರ.

ಬೇರೆ ಊರಿನ ತಂಗಿಗೋ ಗೆಳತಿಗೋ ಉಡುಗೊರೆ ಕೊಡಬೇಕು, ತಿಳಿ ಬಣ್ಣದ ಬಟ್ಟೆ ಇದೆ, ಗಾಜಿನ ಟೀಪಾಯಿ ಮೇಲೆ ಹೂದಾನಿ ಇಡೋಕಷ್ಟೇ ಅಂದ್ರೆ ಫೈಬರ್ ಹಾಳೆ ತರಬಹುದು. ದಿನಾ ಉಣ್ಣುವ ಟೇಬಲ್ಲಿಗೆ, ವಾರಕ್ಕೊಮ್ಮೆ ಒಗೆಯುವವರಿಗೆ, ಕೈ ಬಿಗಿ ಇರುವವರಿಗೆ ಸೀರೆಯೇ ಸರಿ.

ಸೀರೆ ಆರಿಸುವಾಗ ಮಾತ್ರ ಹುಷಾರು. ಹಳೆ ಸೀರೆ ಅಂದ್ರೆಲ್ಲ ಕಾಟನ್ ಅಲ್ಲ. ಒಂದು ಎಳೆ ಕಿತ್ತು ಬೆಂಕಿಗೆ ಹಿಡಿಯಿರಿ: ಹತ್ತಿಯಾದರೆ ಕಾಗದದ ಥರ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಇಳಕಲ್ ಆದರೆ ಸೆರಗು ಕತ್ತರಿಸಿ ಪಕ್ಕಕ್ಕಿಡಿ, ಒಡಲಿನ ನೂಲೇ ಬೇರೆ, ಸೆರಗಿನ ರೇಷ್ಮೆಯೇ ಬೇರೆ, ಒಗೆದಾಗ ಎರಡೂ ಒಂದೇ ಥರ ಎಳೆಯಲ್ಲ. ಖಣದ ತುಂಡಿನ ಅಂಚು ಬೇಗ ಎಳೆ ಬಿಚ್ಚುತ್ತದೆ, ಅರ್ಧ ಇಂಚು ಜಾಸ್ತಿ ಬಿಟ್ಟೇ ಮಡಚಿ. ಎಲ್ಲ ಬಟ್ಟೆಯನ್ನೂ ಹೊಲಿಯುವ ಮುಂಚೆ ಒಮ್ಮೆ ನೆನೆಸಿ ಒಣಗಿಸಿ. ಕೆಂಪು ಬಣ್ಣ ಬಿಡುವ ಸೀರೆಯಾದರೆ ಒಳಗೂ ಹಾಕಬೇಡಿ, ಮೊದಲ ಒಗೆತಕ್ಕೇ ಮೇಲಿನ ತಿಳಿ ತುಂಡುಗಳಿಗೆ ಹತ್ತುತ್ತದೆ.