ಮೂರು ಕಾರ್ಟ್ರಿಜ್, ಒಂದು ಫೋನೋ ಪ್ರೀಆಂಪ್: ತಪ್ಪು ಸ್ವಿಚ್ಚಿನದಾಗಿತ್ತು

ನನ್ನ ತಲೆ ಕೆಡಿಸಿದ್ದು "ಸ" ಅಕ್ಷರ. ಎಸ್. ಜಾನಕಿ ಅವರ ಹಳೇ ಎಲ್‌ಪಿ ಹಾಕಿದರೆ ಒಂದೊಂದು "ಸ"ಕಾರವೂ ಒಗ್ಗರಣೆ ಸಿಡಿದ ಹಾಗೆ ಚುರ್ ಅನ್ನುತ್ತಿತ್ತು. ಕಾರ್ಟ್ರಿಜ್, ಅಂದರೆ ರೆಕಾರ್ಡ್ ಮೇಲೆ ಓಡುವ ಮುಳ್ಳಿರುವ ಪುಟ್ಟ ತುಂಡು, ಬದಲಾಯಿಸಿ ಅಂದರು ಅಂಗಡಿಯವರು. ಸರಿ ಅಂತ ಹಾಸನದ ನಮ್ಮ ಮನೆಯ ಹಾಲ್‌ನಲ್ಲಿ ಎರಡು ಭಾನುವಾರ ಕೂತು ಮೂರನ್ನು ಹಾಕಿ ನೋಡಿದೆ. "ಅದೇ ಹಾಡು ಇನ್ನೆಷ್ಟು ಸಲ ಹಾಕ್ತೀಯೋ?" ಅಂತ ಅಮ್ಮ ಬೈದಿದ್ದೂ ಆಯಿತು.

ಮೊದಲಿನಿಂದ ಇದ್ದದ್ದು ಆಡಿಯೋ-ಟೆಕ್ನಿಕಾ ವಿಎಂ95ಇ. ಇದನ್ನು ಜೋಡಿಸುವ ಕಡೆ 47 ಕಿಲೋ ಓಮ್ ರೋಧದ ಜೊತೆ 100ರಿಂದ 200 ಪಿಕೋಫ್ಯಾರಡ್ ಕೆಪಾಸಿಟೆನ್ಸ್ (ವಿದ್ಯುತ್ ಹಿಡಿದಿಡುವ ಗುಣ) ಇರಲಿ ಅಂತ ಕಂಪನಿಯೇ ಹೇಳುತ್ತದೆ. ಕಾರ್ಟ್ರಿಜ್ಜಿನ ಸಣ್ಣ ಸಿಗ್ನಲ್ಲನ್ನು ದೊಡ್ಡದು ಮಾಡುವ ಫೋನೋ ಪ್ರೀಆಂಪ್ ತಲೆಕೆಳಗು ಮಾಡಿದರೆ ಈ ಕೆಪಾಸಿಟೆನ್ಸಿನ ಪುಟ್ಟ ಸ್ವಿಚ್ಚು 300ರಲ್ಲಿ ಕೂತಿದೆ! ಮಲ್ಟಿಮೀಟರ್ ಹಿಡಿದು ನೋಡಿದೆ, ಟರ್ನ್‌ಟೇಬಲ್ ಕೇಬಲ್ಲಿನದೇ 140 ಇತ್ತು. ಅವೆರಡೂ ಸೇರುತ್ತವೆ, ಅಂದರೆ 440. ಕಾರ್ಟ್ರಿಜ್ಜಿನ ಕಾಯಿಲ್ 550 ಮಿಲಿಹೆನ್ರಿ, ಇಷ್ಟು ಕೆಪಾಸಿಟೆನ್ಸ್ ಜೊತೆ ಸೇರಿದಾಗ ಅದು ಸುಮಾರು 10 ಸಾವಿರ ಹರ್ಟ್ಸ್ ಹತ್ತಿರ ಮೊನೆ ಎತ್ತುತ್ತದೆ, ಅಂದರೆ ಅಲ್ಲಿನ ಸದ್ದು ಉಬ್ಬುತ್ತದೆ, ಅದರ ಮೇಲಿನದೆಲ್ಲ ಬೇಗ ಸತ್ತು ಹೋಗುತ್ತದೆ. ಸ್ವಿಚ್ಚನ್ನು 50ಕ್ಕೆ ತಳ್ಳಿದೆ, ಒಟ್ಟು 190. ಮೊನೆ 15 ಸಾವಿರದ ಆಚೆ ಹೋಯಿತು. ಚುರ್ ಅನ್ನುವುದು ಮುಕ್ಕಾಲು ಪಾಲು ನಿಂತಿತು, ತಾಳದ ಕಿಣಿ ಕೊನೆತನಕ ಕೇಳಿಸಿತು. ಒಂದು ಪೈಸೆ ಖರ್ಚಿಲ್ಲ.

ಆದರೆ ಅಷ್ಟರಲ್ಲಿ ಆರ್ಟೊಫಾನ್ 2ಎಂ ರೆಡ್ ತಂದಾಗಿತ್ತು. ಹಾಕಿದ ತಕ್ಷಣ "ಆಹಾ, ಇದೇ ಚೆನ್ನ" ಅನ್ನಿಸಿತು. ಅದು ಮೋಸ. ಇದರ ಔಟ್‌ಪುಟ್ 5.5 ಮಿಲಿವೋಲ್ಟ್, ವಿಎಂ95ಇಯದು 4, ಹಾಗಾಗಿ ಸುಮ್ನೆ 3 ಡೆಸಿಬೆಲ್‌ನಷ್ಟು ಜೋರು. ವಾಲ್ಯೂಮ್ ಸರಿಸಮ ಮಾಡಿ ಕೇಳಿದರೆ ವ್ಯತ್ಯಾಸ ಸ್ವಲ್ಪವೇ: ಧ್ವನಿ ಒಂದಿಷ್ಟು ದಪ್ಪ, ಮೃದಂಗ ಗಟ್ಟಿ. ಇದಕ್ಕೆ ಬೇಕಾದದ್ದು 150ರಿಂದ 300, ಕೇಬಲ್ಲಿನ 140 ಸೇರಿಸಿದರೆ ಸ್ವಿಚ್ಚು 50ರಲ್ಲಿದ್ದರೂ 150ರಲ್ಲಿದ್ದರೂ ತಕರಾರಿಲ್ಲ. ಸೆಟ್ಟಿಂಗ್ ಗೊತ್ತಿಲ್ಲದೆ ತೊಗೊಳ್ಳುವವರಿಗೆ ಇದೇ ಸಲೀಸು.

ಮೂರನೆಯದು ಮೂಡಿಗೆರೆಯ ಭಾವ ಕೊಟ್ಟ ಡೆನಾನ್ ಡಿಎಲ್-103. ಇದು ಮೂವಿಂಗ್ ಕಾಯಿಲ್ (ಮುಳ್ಳಿನ ಜೊತೆ ಕಾಯಿಲ್ ಅಲುಗುವ ಬಗೆ), ಔಟ್‌ಪುಟ್ ಬರೀ 0.3 ಮಿಲಿವೋಲ್ಟ್. ಮೊದಲೆರಡು ಹಾಕಿದ್ದ ಎಂಎಂ (ಮೂವಿಂಗ್ ಮ್ಯಾಗ್ನೆಟ್, ಅಂದರೆ ಅಯಸ್ಕಾಂತ ಅಲುಗುವ ಬಗೆ) ಇನ್‌ಪುಟ್‌ಗೆ ಹಾಕಿದರೆ ಪಕ್ಕದ ಮನೆಯ ರೇಡಿಯೋ ಕೇಳಿದಂತೆ. ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) 40ರಿಂದ 60 ಡೆಸಿಬೆಲ್‌ಗೆ ಏರಿಸಿದರೆ ಹಾಡಿನ ಜೊತೆ ಗುಂಯ್ ಅನ್ನುವ ಹಮ್ಮೂ ಎದ್ದು ಬಂತು. ಅರ್ಥಿಂಗ್ ವೈರು ಸಡಿಲ ಇತ್ತು, ಬಿಗಿ ಮಾಡಿದ ಮೇಲೆ ಹೋಯಿತು. ಇಲ್ಲಿ ಪಿಕೋಫ್ಯಾರಡ್ ಲೆಕ್ಕಕ್ಕೇ ಬರುವುದಿಲ್ಲ, ಓಮ್ ಮುಖ್ಯ. 1000ದಲ್ಲಿ ಹಾಡು ಹೊಳೆಯಿತು, ಆದರೆ ಚುಚ್ಚಿತು. 100ರಲ್ಲಿ ಸಮಾಧಾನ. ಕಂಠ ಮಾತ್ರ ಇದರಲ್ಲೇ ಜಾಸ್ತಿ ಹತ್ತಿರ ಅನ್ನಿಸಿತು, ಸುಳ್ಳು ಹೇಳಬಾರದಲ್ವಾ. ಆದರೆ ಇದಕ್ಕೆ ಭಾರದ ಟೋನ್‌ಆರ್ಮ್ (ಕಾರ್ಟ್ರಿಜ್ ಹಿಡಿದಿರುವ ಕೋಲು) ಬೇಕು, ನನ್ನದು ಹಗುರ. ವಾಪಸ್ ಮೂಡಿಗೆರೆಗೆ ಹೋಯಿತು.

ಈಗ ತಿರುಗುತ್ತಿರುವುದು ಹಳೇ ವಿಎಂ95ಇಯೇ. 2ಎಂ ರೆಡ್ ಡಬ್ಬಿಯಲ್ಲಿದೆ. ಆ ಸ್ವಿಚ್ಚಿನ ಮೇಲೆ ಟೇಪ್ ಅಂಟಿಸಿ "50, ಮುಟ್ಟಬೇಡಿ" ಅಂತ ಬರೆದಿಟ್ಟಿದ್ದೇನೆ.