ಧಾರವಾಡದಲ್ಲಿ ಅರ್ಧ ದಿನ: ಲೈನ್ ಬಜಾರವೋ, ಮಿಶ್ರಾ ಮಳಿಗೆಯೋ, ಗಿರ್ಮಿಟ್ ಅಂಗಡಿಯೋ?

ಊರಿಗೆ ಮೊದಲ ಸಲ ಬರುವ ಅತ್ತೆಯವರನ್ನು ಎಲ್ಲಿಗೆ ಕರೆದೊಯ್ಯಲಿ ಎಂದು ಕೇಳಿದ್ದೀರಿ.

ಹಳಮೆಯ ರುಚಿಯೇ ಮುಖ್ಯವಾದರೆ ಲೈನ್ ಬಜಾರದ ಠಾಕೂರ ಮನೆತನದ ಅಂಗಡಿ. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದ ಈ ಕುಟುಂಬದೊಂದಿಗೇ ಧಾರವಾಡ ಪೇಢಾದ ಕಥೆ ಆರಂಭವಾಗುತ್ತದೆ. ಖೋವಾವನ್ನು ಸಕ್ಕರೆಯೊಂದಿಗೆ ಕಂದು ಬಣ್ಣಕ್ಕೆ ತಿರುಗುವವರೆಗೆ ಹುರಿಯುತ್ತಾರೆ. ಒಂದನ್ನು ಬೆರಳಲ್ಲಿ ಮುರಿದು ನೋಡಿ: ಮೇಲೆ ಸಕ್ಕರೆ ಪುಡಿಯ ತೆಳು ಹೊದಿಕೆ, ಒಳಗೆ ಮರಳು ಮರಳಾದ ತಿರುಳು, ಹುರಿದ ಹಾಲಿನ ಘಮ. ಆದರೆ ಸರದಿಯಲ್ಲಿ ನಿಲ್ಲಬೇಕು. ಮೊಣಕಾಲು ನೋವಿರುವ ಹಿರಿಯರನ್ನು ಅಲ್ಲಿ ನಿಲ್ಲಿಸುವುದು ನನಗೆ ಸರಿ ಕಾಣುವುದಿಲ್ಲ. ನೀವೊಬ್ಬರೇ ಹೋಗಿ ತನ್ನಿ.

ಸಮಯವಿಲ್ಲವೇ? ಮಿಶ್ರಾ ಪೇಢಾ. ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ಹಲವು ಮಳಿಗೆಗಳಿವೆ, ಡಬ್ಬಿಗಳು ಸಿದ್ಧವಾಗಿರುತ್ತವೆ, ನೆಂಟರಿಗೆ ಹಂಚಲು ಅನುಕೂಲ. ಎರಡೂ ಕಡೆಯ ಪೇಢಾ ಫ್ರಿಜ್ ಇಲ್ಲದೆಯೂ ಕೆಲವು ದಿನ ಕೆಡುವುದಿಲ್ಲವಾದ್ದರಿಂದ ಪ್ರಯಾಣದ ಚಿಂತೆ ಬೇಡ.

ಕುಳಿತು ಮಾತನಾಡುತ್ತಾ ಚಹಾ ಕುಡಿಯಬೇಕೆಂದರೆ ಮಾತ್ರ ಗಿರ್ಮಿಟ್, ಮಿರ್ಚಿ ಬಜ್ಜಿ ಸಿಗುವ ಹಳೆಯ ಚಹಾದಂಗಡಿಯೇ ಬೇಕು. ಖರ್ಚೂ ಕಡಿಮೆ. ಗಿರ್ಮಿಟ್ ಎಂದರೆ ಹುಣಸೆ, ಬೆಲ್ಲದ ಒಗ್ಗರಣೆ ಸೇರಿದ ಚುರುಮುರಿ; ಕೆಲವೇ ನಿಮಿಷಗಳಲ್ಲಿ ಮೆತ್ತಗಾಗುತ್ತದೆ, ಕಟ್ಟಿಸಿಕೊಂಡು ಹೋಗುವ ತಿಂಡಿಯಲ್ಲ.

ಹುಬ್ಬಳ್ಳಿಯಿಂದ ಬರುವುದಾದರೆ ಎರಡೂ ಊರುಗಳ ನಡುವೆ ಓಡುವ ಚಿಗರಿ ಎಂಬ ತ್ವರಿತ ಬಸ್ ಹಿಡಿಯಿರಿ.